ವಾಲ್ವ್ ತಿರುಗುತ್ತದೆಯೇ?

ಕುಂಬಳೆಯಲ್ಲಿ ತಂಗಿಯ ಮಗನ ಉಪನಯನ. ಚೆನ್ನೈನ ಎಗ್ಮೋರಿನಿಂದ ರಾತ್ರಿಯ ಮಂಗಳೂರು ಎಕ್ಸ್‌ಪ್ರೆಸ್ ಹಿಡಿದು ಊರು ಸೇರಿದ್ದೆವು. ಎಲೆಗೆ ಪಾಯಸ ಬೀಳುವ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಫೋನು: "ಸಾರ್, ತಣ್ಣಿ ಒಳುಗುದು!" ಸೋರುತ್ತಿದ್ದದ್ದು ಕೆಳಗಿನ ಮನೆ ಮಾಮಿಯ ಸೂರು; ನೀರು ನಮ್ಮದು.

ಅಡುಗೆಮನೆ ಸಿಂಕಿನ ಕೆಳಗಿನ ಕನೆಕ್ಷನ್ ಪೈಪಿನ ನಟ್ಟು ಸೀಳಿತ್ತು. ಹೊರಗೆ ಸ್ಟೀಲಿನ ಹೆಣಿಗೆ, ಒಳಗೆ ರಬ್ಬರು, ಬೆಲೆ 180 ರೂಪಾಯಿ. ಬಚ್ಚಲಲ್ಲಿ ಒಡೆದಿದ್ದರೆ ನೀರು ಮೋರಿ ಸೇರುತ್ತಿತ್ತು. ಅಡುಗೆಮನೆಯಿಂದ ಅದು ಹಾಲಿಗೆ ನಡೆಯಿತು, ಅಲ್ಲಿಂದ ಕೋಣೆಗೆ. ಪ್ಲೈವುಡ್ ವಾರ್ಡ್‌ರೋಬಿನ ಬುಡ ಚಿರೋಟಿಯ ಹಾಗೆ ಪದರು ಬಿಚ್ಚಿಕೊಂಡಿತ್ತು.

ಟ್ಯಾಂಕ್ ಬರಿದಾದರೆ ಸೋರಿಕೆ ತಾನಾಗಿ ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಮೇಲಿನ ಟ್ಯಾಂಕ್ ಇಳಿದಂತೆಲ್ಲ ಆಟೋಮ್ಯಾಟಿಕ್ ಮೋಟರು ಸಂಪಿನಿಂದ ನೀರೆತ್ತುತ್ತಲೇ ಇತ್ತು. ಆಮೇಲೆ ಅದೇ ಲೈನಿಗೆ ಬಕೆಟ್ ಹಿಡಿದು ಅಳೆದೆ: ನಿಮಿಷಕ್ಕೆ ಸುಮಾರು 10 ಲೀಟರ್. 20 ಗಂಟೆ ಹರಿದರೆ 12,000 ಲೀಟರ್, ಅಂದರೆ ಒಂದು ದೊಡ್ಡ ಲಾರಿ ನೀರು. 2019ರ ಬೇಸಿಗೆಯಲ್ಲಿ ಚೆಂಬರಂಬಾಕ್ಕಂ, ಪೂಂಡಿ ಕೆರೆಗಳು ಒಣಗಿದಾಗ ಇದೇ ಮನೆಯಲ್ಲಿ ಬಿಂದಿಗೆ ಲೆಕ್ಕದಲ್ಲಿ ಸ್ನಾನ ಮಾಡಿದ್ದೆವು.

ನನ್ನ ನಿಜವಾದ ತಪ್ಪು ವಾಲ್ವ್ ಮುಚ್ಚದೆ ಹೊರಟದ್ದಲ್ಲ. ಮುಚ್ಚಲು ಹೋಗಿದ್ದರೂ ಅದು ಮುಚ್ಚುತ್ತಿರಲಿಲ್ಲ! ವಾಚ್‌ಮನ್ ಟೆರೇಸಿಗೆ ಓಡಿ ನಮ್ಮ ಲೈನಿನ ಗೇಟ್ ವಾಲ್ವ್ ತಿರುಗಿಸಿದ. ಚಕ್ರ ಮುರಿದು ಕೈಗೆ ಬಂತು. ಬೋರ್ ನೀರಿನ ಉಪ್ಪು ಕಟ್ಟಿ, ವರ್ಷಗಟ್ಟಲೆ ಯಾರೂ ಮುಟ್ಟದೆ, ಅದು ಕಚ್ಚಿಕೊಂಡುಬಿಟ್ಟಿತ್ತು. ಪ್ಲಂಬರ್ ಬರುವ ತನಕ ಇಡೀ ಕಟ್ಟಡದ ನೀರು ಬಂದ್. ಆ ಸಂಜೆಯ ಬೈಗುಳಕ್ಕೆ ಬೆಲೆ ಕಟ್ಟಿಲ್ಲ.

ಕಟ್ಟಿದ ಲೆಕ್ಕ ಇದು: ನಮ್ಮ ಮರದ ಕೆಲಸಕ್ಕೆ 41,000, ಮಾಮಿಯ ಫಾಲ್ಸ್ ಸೀಲಿಂಗ್ ಮತ್ತು ಬಣ್ಣಕ್ಕೆ 18,500, ನೀರಿನ ಲಾರಿಗೆ 2,400. ಒಟ್ಟು 61,900 ರೂಪಾಯಿ. ಗೃಹವಿಮೆ ಇರಲಿಲ್ಲ. ಬೆಂಕಿ, ಭೂಕಂಪಕ್ಕೆ ಮಾತ್ರ ಅದು ಎಂದುಕೊಂಡಿದ್ದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆಗುವ ನಷ್ಟವೂ ಸೇರಿದೆ. ಬಾಡಿಗೆಮನೆಯವರು ಸಾಮಾನುಗಳಿಗಷ್ಟೇ ಮಾಡಿಸಬಹುದು. ಆದರೆ ಅದು ಕಾಯುವುದು ನಿಮ್ಮ ಮನೆಯನ್ನು. ಕೆಳಗಿನ ಮನೆಯ ಸೂರನ್ನಲ್ಲ. ಪಾಲಿಸಿ ಇದ್ದಿದ್ದರೂ ಮಾಮಿಯ 18,500 ನನ್ನ ಜೇಬಿನದೇ.

ಈಗ ಪಾಲಿಸಿ ಇದೆ. ಗೇಟ್ ವಾಲ್ವ್ ಜಾಗಕ್ಕೆ ಕಾಲು ಸುತ್ತಿನಲ್ಲೇ ಮುಚ್ಚುವ ಬಾಲ್ ವಾಲ್ವ್ ಬಂದಿದೆ. ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತೇನೆ. ಹೊರಡುವಾಗ ಅದನ್ನು ಮುಚ್ಚಿ, ನಲ್ಲಿ ಬಿಟ್ಟು ನೀರು ನಿಂತಿತೇ ನೋಡುತ್ತೇನೆ. ಒಂದು ಬೀಗದ ಕೈ ಮಾಮಿಯ ಹತ್ತಿರ.

ಆಮೇಲಿನ ಸಲ ಊರಿಗೆ ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ಹೆಂಡತಿ ಕೇಳಿದಳು, "ವಾಲ್ವ್ ಮುಚ್ಚಿದ್ರಾ?" ಮನೆ ಹತ್ತು ನಿಮಿಷದ ನಡಿಗೆ. ಸೂಟ್‌ಕೇಸ್ ಅವಳಿಗೆ ಒಪ್ಪಿಸಿ ಓಡಿದೆ. ವಾಲ್ವ್ ಮುಚ್ಚಿಯೇ ಇತ್ತು. ಗೀಸರ್ ಮಾತ್ರ ಉರಿಯುತ್ತಿತ್ತು.