ಉತ್ತರ ಸರಿ, ಕಾರಣ ಎಲ್ಲಿ?

ಫ್ರಿಜ್ಜಿನ ತಣ್ಣೀರನ್ನು ಸ್ಟೀಲ್ ಲೋಟಕ್ಕೆ ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಹೊರಮೈಯೆಲ್ಲ ಹನಿ. ಈ ನೀರು ಎಲ್ಲಿಂದ ಬಂತು ಎಂದು ಮಗುವನ್ನು ಕೇಳಿ. ಚಿಕ್ಕವರಲ್ಲಿ ಹಲವರು ಒಳಗಿನದೇ ಹೊರಗೆ ಜಿನುಗಿದೆ ಎನ್ನುತ್ತಾರೆ. ಹೈಸ್ಕೂಲಿನವರು 'ಗಾಳಿಯ ನೀರಾವಿ ಸಾಂದ್ರೀಕರಣಗೊಂಡಿದೆ' ಎಂದು ಒಪ್ಪಿಸುತ್ತಾರೆ. ಎರಡನೆಯದು ಸರಿಯುತ್ತರ. ಆದರೂ ಇಬ್ಬರನ್ನೂ ಇನ್ನೊಂದು ಮಾತು ಕೇಳಲೇಬೇಕು: 'ಅದು ನಿನಗೆ ಹೇಗೆ ಗೊತ್ತಾಯ್ತು?'

ನೀರಿಗೆ ಬೀಟ್‌ರೂಟ್ ರಸ ಬೆರೆಸಿ ನೋಡೋಣ ಎನ್ನಿ. ಜಿನುಗಿದ್ದೇ ಆದರೆ ಹನಿಗೂ ಕೆಂಪು ಬರಬೇಕು, ಬರುವುದಿಲ್ಲ. ಚುರುಕಾದ ಮಗು ಅಷ್ಟಕ್ಕೇ ಒಪ್ಪದು: 'ಬಣ್ಣ ಒಳಗೇ ಉಳಿದು ಬರೀ ನೀರು ಸೋರಿರಬಹುದಲ್ವಾ?' ಇದು ತಲೆಹರಟೆಯಲ್ಲ, ಒಳ್ಳೆಯ ಆಕ್ಷೇಪ. ಆಗ ಲೋಟಕ್ಕೆ ತಟ್ಟೆ ಮುಚ್ಚಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. ಒಳಗಿನ ನೀರೇ ಹೊರಬಂದಿದ್ದರೆ ಒಟ್ಟು ತೂಕ ಬದಲಾಗಬಾರದು. ಮಳೆಗಾಲದ ತೇವದ ದಿನ ತೂಕ ಒಂದೆರಡು ಗ್ರಾಂ ಏರುವುದನ್ನು ಮಗುವೇ ನೋಡಬಹುದು. ಹೆಚ್ಚಿದ್ದು ಹೊರಗಿನಿಂದಲೇ ಬಂದಿರಬೇಕು.

ಹೇಳಿಕೆ, ಸಾಕ್ಷ್ಯ, ಅವೆರಡನ್ನೂ ಜೋಡಿಸುವ ತರ್ಕ: ವಿಜ್ಞಾನದ ತರಗತಿಯಲ್ಲಿ ವಾದಕ್ಕೆ ಬೇಕಾದ್ದು ಇವು. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿಟ್ಟರು. ಶಿಕ್ಷಣತಜ್ಞರು ಅದನ್ನು ಸರಳಗೊಳಿಸಿ ಶಾಲೆಗೆ ತಂದರು. ಮಕ್ಕಳು ಎಡವುವುದು ಮೂರನೆಯದರಲ್ಲಿ. 'ತೂಕ ಜಾಸ್ತಿಯಾಯ್ತು, ಅದಕ್ಕೇ' ಎಂದು ನಿಲ್ಲಿಸಿಬಿಡುತ್ತಾರೆ. ತೂಕಕ್ಕೂ ಹನಿಗೂ ಏನು ಸಂಬಂಧ ಎಂದು ಬಿಡಿಸಿ ಹೇಳುವುದು ಅಭ್ಯಾಸದಿಂದ ಬರುತ್ತದೆ, ಅದೂ ಒಪ್ಪದ ಗೆಳೆಯನೊಬ್ಬ ಎದುರಿಗಿದ್ದಾಗ.

ಇದಕ್ಕೆಲ್ಲ ಸಮಯವೆಲ್ಲಿ, ಪೋರ್ಷನ್ ಮುಗಿಯಬೇಡವೇ ಎಂಬ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಇದು ಆಗದ ಮಾತೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಚರ್ಚಿಸಿ, ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಬರೆದಿಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಅವಕಾಶವಿತ್ತು. ಸರ್ಕಾರಿ ಶಾಲೆಗಳಲ್ಲೇ ಇದು 2002ರವರೆಗೆ ನಡೆಯಿತು.

ಮನೆಯಲ್ಲಿ ಸರಿಯುತ್ತರ ಹೇಳಿಬಿಡುವ ಆತುರ ತಡೆದುಕೊಳ್ಳಿ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಕಾರಣವನ್ನು ಮೊದಲು ಮನೆಮಾತಿನಲ್ಲೇ ಹೇಳಲಿ. ಪಾರಿಭಾಷಿಕ ಪದ ಆಮೇಲೆ ಬಂದರೆ ಸಾಕು. ಎದುರುತ್ತರ ಕೊಡಬೇಡ ಎಂದು ಗದರುವ ಮುನ್ನ ಆ ಮಾತಿಗೆ ಆಧಾರವಿದೆಯೇ ನೋಡಿ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ 'ನನ್ನ ಮಗಳು ತರಗತಿಯಲ್ಲಿ ಪ್ರಶ್ನೆ ಕೇಳುತ್ತಾಳಾ, ಕಾರಣ ಕೊಡುತ್ತಾಳಾ?' ಎಂದೂ ಶಿಕ್ಷಕರನ್ನು ವಿಚಾರಿಸಿ.