ಸಿಸ್ಟರ್ ಮನೆಗೆ ಬರುವ ದಿನ

‘ಇನ್ನು ಮನೆಗೆ ಕರಕೊಂಡು ಹೋಗಿ’ ಎಂದು ಡಾಕ್ಟರು ಹೇಳಿದರೆ ನಮ್ಮ ಕಿವಿಗೆ ಬೀಳುವುದು ‘ಇನ್ನೇನೂ ಮಾಡೋದಕ್ಕಿಲ್ಲ’ ಎಂದೇ. ನಮ್ಮತ್ತೆಗೆ ಬಾಯಿಯ ಕ್ಯಾನ್ಸರ್ ಮರುಕಳಿಸಿದಾಗ ನಮಗೂ ಹಾಗೇ ಕೇಳಿಸಿತ್ತು. ವಾರದೊಳಗೆ ಹಾಸ್ಪೈಸಿನ ಸಿಸ್ಟರ್ ಒಬ್ಬರು ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ‘ಅಮ್ಮಾ, ರಾತ್ರಿ ನಿದ್ದೆ ಬಂತಾ?’ ಎಂದರು. ಅಷ್ಟು ತಿಂಗಳ ಓಡಾಟದಲ್ಲಿ ಅತ್ತೆಯನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಿಮ್ಮ ಮನೆಗೂ ಇಂಥ ಸಿಸ್ಟರ್ ಬರುವವರಿದ್ದರೆ ಏನೇನು ಸಿದ್ಧವಿಡಬೇಕು, ಅವರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಯಾರನ್ನು ಕೇಳಬೇಕು

ಹಾಸ್ಪೈಸ್ ಎಂದರೆ ಸಾಯುವವರನ್ನು ಬಿಟ್ಟುಬರುವ ಕಟ್ಟಡ ಎಂದು ತುಂಬ ಜನ ತಿಳಿದಿದ್ದಾರೆ. ಬೆಂಗಳೂರಿನ ಕರುಣಾಶ್ರಯವನ್ನೇ ನೋಡಿ. ಮಾರತ್ತಹಳ್ಳಿಯ ಬಳಿ ಅದರ ಕಟ್ಟಡ ತೆರೆದದ್ದು 1999ರಲ್ಲಿ. ಅದಕ್ಕೂ ಮೊದಲೇ, 1995ರಿಂದ, ಅದರ ತಂಡ ರೋಗಿಗಳ ಮನೆಗೆ ಹೋಗುತ್ತಿತ್ತು. ರೋಗ ವಾಸಿಯಾಗದಿದ್ದರೂ ನೋವು, ವಾಂತಿ, ಉಬ್ಬಸ, ಹುಣ್ಣು, ಭಯ ಇವನ್ನು ತಗ್ಗಿಸಬಹುದು. ಇದನ್ನೇ ಉಪಶಾಮಕ ಆರೈಕೆ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂದು ಕೇಳಿ.

ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ ಕರುಣಾಶ್ರಯ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇಂಥ ಮನೆಭೇಟಿ ನಡೆಸುತ್ತವೆ. ಕರುಣಾಶ್ರಯದ ಸೇವೆ ಮುಖ್ಯವಾಗಿ ಕ್ಯಾನ್ಸರ್ ರೋಗಿಗಳಿಗೆ, ಅದೂ ಉಚಿತವಾಗಿ. ಬೇರೆ ಕಡೆ ಶುಲ್ಕವಿದೆಯೇ, ನಿಮ್ಮ ಬಡಾವಣೆಯವರೆಗೆ ಬರುತ್ತಾರೆಯೇ, ರಾತ್ರಿ ಫೋನ್ ಎತ್ತುತ್ತಾರೆಯೇ ಎಂಬ ಮೂರನ್ನು ಮೊದಲ ಕರೆಯಲ್ಲೇ ಕೇಳಿಬಿಡಿ.

ಒಂದು ಗೊಂದಲ ಬೇಡ. ಏಜೆನ್ಸಿಯವರು ಹನ್ನೆರಡು ಗಂಟೆಗೋ ಇಪ್ಪತ್ನಾಲ್ಕು ಗಂಟೆಗೋ ಕಳಿಸುವ ‘ಹೋಮ್ ನರ್ಸ್’ ಬೇರೆ, ಇವರು ಬೇರೆ. ಹಾಸ್ಪೈಸಿನ ಸಿಸ್ಟರ್ ಬಂದು ಒಂದು ಗಂಟೆ ಇದ್ದು ಹೋಗುತ್ತಾರೆ. ಮುಂದಿನ ಭೇಟಿಯವರೆಗೆ ನೋಡಿಕೊಳ್ಳುವವರು ನೀವೇ. ಅದಕ್ಕೇ ಅವರ ಅರ್ಧ ಕೆಲಸ ನಿಮಗೆ ಕಲಿಸುವುದು. ಇದು ಅರ್ಥವಾಗುವವರೆಗೆ ‘ಬಂದರು, ಹೋದರು, ಏನು ಮಾಡಿದರು?’ ಅಂತಲೇ ಅನ್ನಿಸುತ್ತಿರುತ್ತದೆ.

ಬರುವ ಮುನ್ನ

ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ, ಸ್ಕ್ಯಾನ್ ವರದಿ ಎಲ್ಲ ಒಂದೇ ಫೈಲಿನಲ್ಲಿರಲಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಯಾರೋ ಹೇಳಿದರೆಂದು ತಂದ ಚೂರ್ಣ, ಕಷಾಯವನ್ನೂ ಸೇರಿಸಿ. ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಒಂದು ನೋಟ್‌ಬುಕ್ ಬೇಕು: ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ನೋವು ಯಾವಾಗ ಹೆಚ್ಚಾಯಿತು, ಮೋಷನ್ ಆಗಿ ಎಷ್ಟು ದಿನವಾಯಿತು. ಮನೆಯಲ್ಲಿ ಯಾರ ಕೈಗೆ ಸಿಕ್ಕರೂ ಬರೆಯುವಂತೆ ಪೆನ್ನನ್ನು ದಾರದಲ್ಲಿ ಕಟ್ಟಿಡಿ.

ಬಾಗಿಲಲ್ಲಿ ಪಿಸುಗುಟ್ಟುವ ಮಾತು

‘ಸಿಸ್ಟರ್, ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ.’ ಮನೆಮನೆಗೆ ಹೋಗುವ ಸಿಸ್ಟರ್‌ಗಳಿಗೆ ಇದು ಹೊಸ ಮಾತಲ್ಲ. ‘ನಿಮ್ಮ ಗಾಡಿ ಬೀದಿ ಕೊನೆಯಲ್ಲಿ ನಿಲ್ಲಿಸಿ, ಅಕ್ಕಪಕ್ಕದವರು ನೋಡ್ತಾರೆ’ ಎನ್ನುವವರೂ ಇದ್ದಾರೆ. ಸಿಸ್ಟರ್‌ಗಳು ಸಿಟ್ಟು ಮಾಡಿಕೊಳ್ಳುವುದಿಲ್ಲ, ಹೇಳಿಯೇ ತೀರುತ್ತೇವೆ ಎಂದೂ ಹಠ ಹಿಡಿಯುವುದಿಲ್ಲ. ಆದರೆ ಸುಳ್ಳು ಹೇಳು ಎಂದು ಅವರನ್ನು ಒತ್ತಾಯಿಸಬೇಡಿ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ನಾಟಕವಾಡಿದ್ದೆವು. ‘ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸುತ್ತೆ ಅಮ್ಮಾ?’ ಎಂದು ಸಿಸ್ಟರ್ ಕೇಳಿದ್ದಕ್ಕೆ ಅತ್ತೆ, ‘ಗೊತ್ತಿದೆ. ಇವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೀನಿ’ ಅಂದರು. ಆಮೇಲೆ ಅವರು ಒಡವೆ ಯಾರಿಗೆ, ಊರಿನ ಮನೆ ಏನು ಮಾಡಬೇಕು ಎಂದೆಲ್ಲ ಮಾತಾಡಿದರು. ಹೇಳಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮ ಮನೆಯದು. ರೋಗಿಯೇ ಕೇಳಿದರೆ ಮಾತ್ರ ಬಾಯಿ ಮುಚ್ಚಿಸಬೇಡಿ ಎಂದಷ್ಟೇ ನನ್ನ ಬಿನ್ನಹ.

ಮೊದಲ ಭೇಟಿಯಲ್ಲಿ

ಮೊದಲ ಸಲ ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಪಿ, ನಾಡಿ ನೋಡುತ್ತಾರೆ. ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಮಗ್ಗುಲು ತಿರುಗಿಸಿ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಜೊತೆಗೆ ಮನೆಯನ್ನೂ ನೋಡುತ್ತಾರೆ. ರಾತ್ರಿ ಯಾರು ಎದ್ದಿರುತ್ತಾರೆ, ಬಚ್ಚಲು ಎಷ್ಟು ದೂರ, ಸಾಲ ಆಗಿದೆಯೇ, ಶಾಲೆಗೆ ಹೋಗುವ ಮಕ್ಕಳಿಗೆ ಏನು ಹೇಳಿದ್ದೀರಿ ಎಂದು ಕೇಳಿದರೆ ಕುತೂಹಲಕ್ಕೆ ಎಂದುಕೊಳ್ಳಬೇಡಿ. ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ದೇವರ ಮೇಲಿನ ಪ್ರಶ್ನೆಯದು ಎಲ್ಲ ಸೇರಿದ್ದು ಎಂದು ಹೇಳಿಕೊಟ್ಟವರು ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್. ಡಾಕ್ಟರಾಗುವ ಮುಂಚೆ ಅವರು ನರ್ಸ್ ಆಗಿದ್ದವರು.

ಮುಂದೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುತ್ತಾರೆ, ಕಷ್ಟ ಹೆಚ್ಚಾದರೆ ಬೇಗ ಬೇಗ ಬರುತ್ತಾರೆ. ಮೂತ್ರದ ಕೊಳವೆ, ಮೂಗಿನ ಕೊಳವೆ ಬದಲಾಯಿಸುವುದು, ಗಾಯಕ್ಕೆ ಡ್ರೆಸಿಂಗ್ ಮಾಡುವುದು ಅವರ ಕೆಲಸ. ಬಾಯಿಯ ಹುಣ್ಣು ವಾಸನೆ ಬರತೊಡಗಿದರೆ ರೋಗಿ ಮೊಮ್ಮಕ್ಕಳನ್ನೂ ಹತ್ತಿರ ಕರೆಯುವುದಿಲ್ಲ. ಅದಕ್ಕೆ ಮೆಟ್ರೋನಿಡಜೋಲ್ ಮಾತ್ರೆಯ ಪುಡಿಯನ್ನೋ ಜೆಲ್ಲನ್ನೋ ಹುಣ್ಣಿಗೆ ಹಾಕುವುದನ್ನು ಸಿಸ್ಟರ್ ತೋರಿಸಿಕೊಡುತ್ತಾರೆ. ಕೆಲವು ದಿನಗಳಲ್ಲಿ ನಮ್ಮ ಮನೆಯ ಕೋಣೆ ಮತ್ತೆ ಕೋಣೆಯ ಹಾಗಾಯಿತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು ಮಾತ್ರ ನಿಮ್ಮ ಪಾಲಿನದು. ಗಾಳಿ ತುಂಬುವ ಹಾಸಿಗೆ ಹಾಕಿದರೂ ಅದು ತಪ್ಪುವುದಿಲ್ಲ.

ನೋವಿನ ಲೆಕ್ಕ

ನೋವನ್ನು ಸೊನ್ನೆಯಿಂದ ಹತ್ತರೊಳಗೆ ಅಳೆದು ಹೇಳಿ ಎನ್ನುವುದು ವಾಡಿಕೆ. ಅತ್ತೆಗೆ ಅದು ತಿಳಿಯಲಿಲ್ಲ. ‘ರೂಪಾಯಿಗೆ ಎಷ್ಟಾಣೆ ನೋವಮ್ಮಾ?’ ಎಂದು ಸಿಸ್ಟರ್ ಕೇಳಿದರು. ‘ಹನ್ನೆರಡಾಣೆ’ ಎಂದು ತಕ್ಷಣ ಉತ್ತರ ಬಂತು.

ಅಂಥ ನೋವಿಗೆ ಡಾಕ್ಟರು ಬರೆಯುವುದು ಮಾರ್ಫಿನ್. ಹೆಸರು ಕೇಳಿದೊಡನೆ ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ: ಚಟ ಹತ್ತುತ್ತೆ, ಇದು ಕೊನೆಯ ಔಷಧ, ಇದರಿಂದಲೇ ಬೇಗ ಹೋಗ್ತಾರೆ. ಮೂರೂ ತಪ್ಪು. ನೋವಿಗೆ ತಕ್ಕ ಪ್ರಮಾಣದಲ್ಲಿ, ಡಾಕ್ಟರ ನಿಗಾದಲ್ಲಿ ಕೊಟ್ಟರೆ ಅದು ಪ್ರಾಣ ತೆಗೆಯುವ ಔಷಧವಲ್ಲ. ನೋವು ಹತೋಟಿಗೆ ಬಂದು ಎದ್ದು ಕೂತು ಮಾತಾಡುವವರನ್ನು ನಾನೇ ಕಂಡಿದ್ದೇನೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಮಲಬದ್ಧತೆ ಆಗಿಯೇ ಆಗುತ್ತದೆ, ಜೊತೆಗೆ ಕೊಡುವ ಭೇದಿ ಮಾತ್ರೆಯನ್ನು ಬಿಡಬೇಡಿ. ಎಬ್ಬಿಸಿದರೂ ಏಳದಷ್ಟು ನಿದ್ದೆ, ಉಸಿರು ತೀರಾ ನಿಧಾನ ಅನ್ನಿಸಿದರೆ ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದಾರಿ ಸುಲಭವಾಗಿದೆ, ಆದರೆ ಲೆಕ್ಕ ಕಟ್ಟುನಿಟ್ಟು. ಹಬ್ಬ, ಸಾಲು ರಜೆ ಬರುವ ಮುನ್ನ ಮಾತ್ರೆ ಎಣಿಸಿ. ಬೀರುವಿನಲ್ಲಿಟ್ಟು ಬೀಗ ಹಾಕಿ.

ಊಟದ ವಿಷಯ

‘ಏನೂ ತಿನ್ನುತ್ತಿಲ್ಲ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ.’ ಪ್ರೀತಿಯಿಂದಲೇ ಹುಟ್ಟುವ ಮಾತು ಇದು. ಆದರೆ ಕೊನೆಯ ದಿನಗಳಲ್ಲಿ ದೇಹಕ್ಕೆ ಊಟ ಬೇಡವಾಗುತ್ತದೆ. ತಿನ್ನದ್ದರಿಂದ ಸಾಯುತ್ತಿಲ್ಲ, ಕೊನೆ ಹತ್ತಿರವಾದ್ದರಿಂದ ತಿನ್ನುತ್ತಿಲ್ಲ. ಡ್ರಿಪ್ ಹಾಕಿದರೆ ಆ ನೀರು ಕಾಲಲ್ಲಿ, ಎದೆಯಲ್ಲಿ ನಿಂತು ಉಬ್ಬಸ ಹೆಚ್ಚಬಹುದು. ಎರಡು ಚಮಚ ಗಂಜಿ, ಎಳನೀರು, ಅವರು ಆಸೆಪಟ್ಟದ್ದು, ನುಂಗಲು ಆಗುವಷ್ಟು ಮಾತ್ರ ಕೊಡಿ. ಒದ್ದೆ ಹತ್ತಿಯಿಂದ ಆಗಾಗ ಬಾಯಿ ಒರೆಸಿ, ತುಟಿಗೆ ತುಪ್ಪ ಸವರಿ. ಗಂಗೆ, ತುಳಸಿ ನೀರು ಬಿಡುವ ಸಂಪ್ರದಾಯವಿದ್ದರೆ ನುಂಗಲಾಗದವರ ಬಾಯಿಗೆ ಸುರಿಯದೆ, ತುಟಿಗೆ ಹನಿ ಮುಟ್ಟಿಸಿದರೆ ಸಾಕು.

ಕೇಳಲೇಬೇಕಾದ ಪ್ರಶ್ನೆ

‘ತೀರಾ ಕಷ್ಟವಾದರೆ ಆಸ್ಪತ್ರೆಗೋ, ಮನೆಯಲ್ಲೋ?’ ಎಂದು ಒಂದು ದಿನ ಸಿಸ್ಟರ್ ಕೇಳುತ್ತಾರೆ. ರೋಗಿಗೆ ಮಾತು ಬರುವಾಗಲೇ ತೀರ್ಮಾನಿಸಿ. ಇಲ್ಲದಿದ್ದರೆ ನಡುರಾತ್ರಿಯ ಗಾಬರಿಯಲ್ಲಿ 108ಕ್ಕೆ ಫೋನ್ ಹೋಗಿ, ಯಾರಿಗೂ ಬೇಡವಾಗಿದ್ದ ವೆಂಟಿಲೇಟರಿನಲ್ಲಿ ಮುಗಿಯಬಹುದು. ತನಗೆ ಇಂಥ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳಿದ್ದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಆಯಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿದೆ.

ಕೊನೆಯ ದಿನಗಳು

ನಿದ್ದೆ ಹೆಚ್ಚುತ್ತದೆ. ಮೂತ್ರ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಉಸಿರು ಜೋರಾಗಿ ಓಡಿ, ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವವರಿಗೆ ಅದು ಹಿಂಸೆ, ಆದರೆ ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ. ಮಗ್ಗುಲಿಗೆ ಮಲಗಿಸಿ, ಸಿಸ್ಟರ್‌ಗೆ ತಿಳಿಸಿ, ಕಡಿಮೆ ಮಾಡಲು ಔಷಧ ಉಂಟು. ಮಾತ್ರೆ ನುಂಗಲಾಗದಿದ್ದರೆ ಚರ್ಮದಡಿ ಸಣ್ಣ ಸೂಜಿಯಿಟ್ಟು ಔಷಧ ಕೊಡುತ್ತಾರೆ. ಕೈ ಹಿಡಿದು ಮಾತಾಡುತ್ತಿರಿ.

ಆ ಗಳಿಗೆಯಲ್ಲಿ ಸಿಸ್ಟರ್ ಪಕ್ಕದಲ್ಲಿರುವುದು ಅಪರೂಪ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಆಯಿತು, ಮನೆಯವರೇ ಇದ್ದೆವು. ಮರಣವನ್ನು ದೃಢಪಡಿಸಿ ಕಾರಣ ಬರೆದುಕೊಡಬೇಕಾದವರು ಡಾಕ್ಟರು, ಯಾರು ಬರೆದುಕೊಡುತ್ತಾರೆ ಎಂದು ಮುಂಚೆಯೇ ತಂಡವನ್ನು ಕೇಳಿಟ್ಟುಕೊಳ್ಳಿ. ನಗರಗಳ ಚಿತಾಗಾರದಲ್ಲಿ ಆ ಪತ್ರ, ಆಧಾರ್ ಪ್ರತಿ ಕೇಳುತ್ತಾರೆ. 21 ದಿನದೊಳಗೆ ಮರಣ ನೋಂದಣಿಯಾಗಬೇಕು.

ವೈಕುಂಠ ಸಮಾರಾಧನೆ ಕಳೆದ ವಾರ ಸಿಸ್ಟರ್ ಮತ್ತೆ ಬಂದರು. ಹೀಗೆ ಬರುವುದೂ ಅವರ ಕೆಲಸದ ಒಂದು ಭಾಗ. ಈ ಸಲ ‘ನಿದ್ದೆ ಬರ್ತಿದೆಯಾ?’ ಎಂದು ನನ್ನನ್ನು ಕೇಳಿದರು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಅವರ ಕೈಗೇ ಕೊಟ್ಟು ಪುಸ್ತಕದಲ್ಲಿ ಬರೆಸಿದೆವು. ಕಸದ ಬುಟ್ಟಿಗೆ ಎಸೆಯಬೇಡಿ, ಬೇರೆಯವರಿಗೂ ಕೊಡಬೇಡಿ. ಗಾಳಿ ಹಾಸಿಗೆಯನ್ನು ತೊಳೆದು ಮಡಚಿಟ್ಟಿದ್ದೆ. ಯಾವುದೋ ಮನೆಯಲ್ಲಿ ಬೇಕಾಗಿದೆ ಎಂದು ಅದನ್ನು ಗಾಡಿಗೆ ಹಾಕಿಸಿಕೊಂಡು ಹೊರಟರು.