ಹಿಗ್ಸ್ ಕಣದ ಕಾಣದ ಪಾಲು

ಸಾಂಗಲಿಯ ಪೇಟೆಯಲ್ಲಿ ಅರಿಸಿನದ ಚೀಲಗಳನ್ನು ತೂಗುವದನ್ನು ನಮ್ಮ ಕುಪವಾಡದ ವಿದ್ಯಾರ್ಥಿಗಳು ಕಂಡಿರಬಹುದು. ಬಂದ ತೂಕಕ್ಕೂ ಉಳಿದ ತೂಕಕ್ಕೂ ಅಂತರ ಬಿದ್ದರೆ, ಏನೋ ಕಣ್ತಪ್ಪಿಸಿ ಹೊರಗೆ ಹೋಗಿದೆಯೆಂದು ಲೆಕ್ಕಿಗನು ತಿಳಿಯುವನು. ಇಂದಿನ ಭೌತವಿಜ್ಞಾನದ ಸೂಕ್ಷ್ಮವಾದ ಶೋಧವೊಂದು ಇದೇ ನ್ಯಾಯವನ್ನು ಅನುಸರಿಸುತ್ತದೆ.

ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ, ನೆಲದಡಿಯಲ್ಲಿ, 27 ಕಿಲೋಮೀಟರು ಸುತ್ತಳತೆಯ ಯಂತ್ರವೊಂದುಂಟು. ಅದರೊಳಗೆ ಪ್ರೋಟಾನುಗಳನ್ನು ಬಹು ವೇಗದಿಂದ ಒಂದಕ್ಕೊಂದು ಘಟ್ಟಿಸುವರು. ಅಲ್ಲಿಯ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಶೋಧಕಗಳಲ್ಲಿ ಹಿಗ್ಸ್ ಕಣವು ಗೋಚರಿಸಿದ ವಾರ್ತೆಯು 2012ನೆಯ ಜುಲೈ 4ರಂದು ಪ್ರಕಟವಾಯಿತು. ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರವಾದ ಈ ಕಣವು ಹುಟ್ಟಿದೊಡನೆಯೇ ಒಡೆದುಹೋಗುವದು. ಸರ್ವಮಾನ್ಯ ಸಿದ್ಧಾಂತದ ಪ್ರಕಾರ ನೂರರಲ್ಲಿ ಸುಮಾರು 58 ಸಲ ಬಾಟಮ್ ಕ್ವಾರ್ಕುಗಳ ಜೋಡಿಯೂ, ಸಾವಿರದಲ್ಲಿ ಸುಮಾರು 2 ಸಲ ಮಾತ್ರ ಬೆಳಕಿನ ಎರಡು ಕಣಗಳೂ ಅದರಿಂದ ಹೊರಡುವವು.

ಆದರೆ ಅತಿಸಮ್ಮಿತಿ, ಅಂದರೆ ಸೂಪರ್‌ಸಿಮೆಟ್ರಿ, ಎಂಬ ಇನ್ನೊಂದು ಸಿದ್ಧಾಂತವುಂಟು. ನಮಗೆ ತಿಳಿದ ಪ್ರತಿಯೊಂದು ಕಣಕ್ಕೂ ಒಂದು ಜೊತೆಗಣವಿರಬೇಕೆಂದು ಅದು ಹೇಳುತ್ತದೆ. ಅಂಥವುಗಳಲ್ಲಿ ನ್ಯೂಟ್ರಲೀನೋ ಎಂಬುದು ಯಾವ ಶೋಧಕಕ್ಕೂ ಸಿಕ್ಕದಷ್ಟು ಮೌನಿ. ಅದರ ಭಾರವು ಹಿಗ್ಸಿನ ಅರ್ಧಕ್ಕಿಂತ ಕಡಿಮೆಯಾಗಿದ್ದರೆ, ಹಿಗ್ಸ್ ಕಣವು ಎರಡು ನ್ಯೂಟ್ರಲೀನೋಗಳಾಗಿ ಒಡೆದು ಕಾಣದಂತಾಗಬಹುದು.

ಕಾಣದ್ದನ್ನು ಅರಿಯುವದು ಹೇಗೆ? ಘಟ್ಟನೆಗೆ ಮುಂಚೆ ಪ್ರೋಟಾನುಗಳಿಗೆ ಪಕ್ಕದ ದಿಕ್ಕಿನ ಚಲನೆಯಿರುವದಿಲ್ಲ. ಆದುದರಿಂದ ಘಟ್ಟನೆಯ ಬಳಿಕವೂ ಎಡಬಲದ ಸಂವೇಗಗಳು ಒಟ್ಟಿನಲ್ಲಿ ಸಮತೂಗಬೇಕು. ಕಂಡ ಕಣಗಳೆಲ್ಲ ಒಂದೇ ಕಡೆಗೆ ವಾಲಿದರೆ, ಕಾಣದ ಏನೋ ಎದುರು ಕಡೆಗೆ ಹೋಗಿರಲೇಬೇಕು. ಹಿಗ್ಸಿನ ಸಂಗಡ ಹುಟ್ಟಿದ ಜೆಟ್ಟುಗಳಾಗಲಿ ಜೆಡ್ ಕಣವಾಗಲಿ ಇದಕ್ಕೆ ಸಾಕ್ಷಿಯಾಗುವವು. ಸಾಮಾನ್ಯ ನ್ಯೂಟ್ರಿನೋಗಳೂ ಹೀಗೆಯೇ ಅಡಗಿ ಹೋಗುವದರಿಂದ ಅವುಗಳ ಪಾಲನ್ನು ಮೊದಲು ಕಳೆಯಬೇಕು.

ಬೇರೆ ವಿಚಿತ್ರ ಮಾರ್ಗಗಳೂ ಉಂಟು. ಹಿಗ್ಸ್ ಕಣವು ಎರಡು ಹಗುರ ಕಣಗಳಾಗಿ, ಅವು ಮರಳಿ ಎರಡೆರಡಾಗಿ ಒಡೆದರೆ ನಾಲ್ಕು ಕುರುಹುಗಳು ದೊರೆಯುವವು. ಮಧ್ಯದ ಕಣವು ದೀರ್ಘಾಯುವಾದರೆ ಘಟ್ಟನೆಯ ಸ್ಥಳದಿಂದ ದೂರದಲ್ಲಿ ಹೊಸ ಜಾಡು ಮೊದಲಾಗುವದು.

ಈ ವಿಷಯದಲ್ಲಿ ದುಡಿದವರೊಬ್ಬರು ನಮ್ಮ ನೆರೆಯವರೇ. 1952ರಲ್ಲಿ ಪುಣೆಯಲ್ಲಿ ಜನಿಸಿದ ಶ್ರೀಮತಿ ರೋಹಿಣಿ ಗೋಡಬೋಲೆಯವರು ಕಲಿತದ್ದು ಅಲ್ಲಿಯ ಸರ್ ಪರಶುರಾಮಭಾವು ಕಾಲೇಜಿನಲ್ಲಿ. ಆ ಹೆಸರು ಜಮಖಂಡಿಯ ಪಟವರ್ಧನ ಮನೆತನದ್ದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಹಿಗ್ಸಿನ ಅದೃಶ್ಯ ಕ್ಷಯವನ್ನು ಕುರಿತು ಸಹೋದ್ಯೋಗಿಗಳೊಡನೆ ಸಂಶೋಧನೆ ಮಾಡಿದರು. 2019ರಲ್ಲಿ ಪದ್ಮಶ್ರೀ ಪಡೆದ ಅವರು 2024ನೆಯ ಅಕ್ಟೋಬರ್ 25ರಂದು ತೀರಿಕೊಂಡರು.

ಹಾಗಾದರೆ ಏನು ದೊರೆಯಿತು? ಅತಿಸಮ್ಮಿತಿಯ ಕಣ ಒಂದೂ ಇನ್ನೂ ದೊರೆತಿಲ್ಲ. ಆದರೆ ಹಿಗ್ಸಿನ ಕಾಣದ ಪಾಲು ನೂರಕ್ಕೆ ಸುಮಾರು 11ಕ್ಕಿಂತ ಹೆಚ್ಚಿರಲಾರದೆಂದು 2023ರಲ್ಲಿ ಅಟ್ಲಾಸ್ ತಂಡವು ತೋರಿಸಿತು. ಸರ್ವಮಾನ್ಯ ಸಿದ್ಧಾಂತದ ಪ್ರಕಾರ ಆ ಪಾಲು ಸಾವಿರಕ್ಕೆ ಒಂದರಷ್ಟು ಮಾತ್ರ. ಇವೆರಡರ ನಡುವಿನ ಅವಕಾಶದಲ್ಲಿಯೇ ಶೋಧವು ಮುಂದುವರಿದಿದೆ.

ಸಿಕ್ಕಲಿಲ್ಲವೆಂಬುದೂ ವಿಜ್ಞಾನದಲ್ಲಿ ಫಲವೇ, ಲೆಕ್ಕವು ಪ್ರಾಮಾಣಿಕವಾಗಿದ್ದರೆ. ಪ್ರಯೋಗದ ವಹಿಯಲ್ಲಿ ಬಯಸಿದ ಅಂಕಿ ಬರಲಿಲ್ಲವೆಂದು ಅಳಿಸಿ ಬರೆಯುವ ವಿದ್ಯಾರ್ಥಿಯು ಇದನ್ನು ನೆನೆಯಬೇಕೆಂದು ನಾವು ಬಯಸುತ್ತೇವೆ.